ಸಾರಿಗೆ ಬಿಟ್ಟ ಲ್ಯಾಕ್ಟೋಮೀಟರ್

“ಯಾರೂ ಉಣ್ಬ್ಯಾಡಿ, ಒಸಿ ತಡೀರಿ!” ಅಂತ ಕೂಗಿ ನಮ್ಮ ಸೋದರಮಾವ ಬೀಗರೂಟದ ಸಾರಿನ ಬಕೆಟ್ಟಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟ. ಹಾಲಿಗೆ ನೀರು ಬೆರೆಸಿದ್ದಾರಾ ಅಂತ ನೋಡುವ ಗಾಜಿನ ಕಡ್ಡಿ ಅದು. ತೇಲಿದರೆ ಗಟ್ಟಿ, ಮುಳುಗಿದರೆ ನೀರು. ಮುಳುಗಿತು.

“ಬೀಗ್ರೇ, ನಿಮ್ ಸಾರು ಫೇಲು!”

ಇಂಥವನನ್ನು ಎರಡನೇ ಸಲ ಯಾರು ಊಟಕ್ಕೆ ಕರೀತಾರೆ? ಆದರೂ ಈಗ ಸಾರಿನ ಬಕೆಟ್ ಬಂದರೆ ನನ್ನ ಕಣ್ಣು ಅವನನ್ನೇ ಹುಡುಕುತ್ತೆ.

ವಿರೂಪಾಕ್ಷಿಪುರದ ಕಡೆ ನಮ್ಮೂರ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡೋದು ಅವನ ಕೆಲಸ. ಮಿಷನ್ ಬಂದ ಮೇಲೆ ಹಳೇ ಕಡ್ಡಿ ಅವನ ಜೇಬು ಸೇರಿತು. ಮಜ್ಜಿಗೆ, ಟೀ, ಎಳನೀರು, ಏನನ್ನೂ ಬಿಡಲಿಲ್ಲ. ಒಂದು ಬೆಳಿಗ್ಗೆ ತನ್ನ ಉಚ್ಚೆಗೂ ಬಿಟ್ಟ!

“ಅಳಿಯ, ನೋಡ್ಲಾ! ಬರೀ ನೀರು. ನನ್ ಒಳ್ಗೆಲ್ಲಾ ಕ್ಲೀನಾಗೈತೆ.”

“ಡೈರಿಗೆ ಹಾಕ್ಬುಡು ಮಾವ.”

ನಕ್ಕೆವು. ಕಾಲು ಊದಿದ ಮೇಲೆ ಡಾಕ್ಟರು ಹೇಳಿದರು, ಕಿಡ್ನಿ ಕಸ ಸೋಸುತ್ತಿಲ್ಲ, ಅದಕ್ಕೇ ಬರೀ ನೀರು ಬರುತ್ತಿದೆ ಅಂತ. ಕಡ್ಡಿ ಸರಿಯಾಗೇ ಹೇಳಿತ್ತು. ಮಾವ ತಪ್ಪು ಓದಿದ್ದ.

ಆಮೇಲೆ ಡಯಾಲಿಸಿಸ್. ಕುಡಿದ ನೀರು ಮೈಯಲ್ಲೇ ನಿಲ್ಲುತ್ತೆ, ಜಾಸ್ತಿ ಕುಡಿಯೋ ಹಾಗಿಲ್ಲ ಅಂದರು. ಊರ ಹಾಲೆಲ್ಲ ಅಳೆದವನಿಗೆ ಅತ್ತೆ ಅರ್ಧರ್ಧ ಲೋಟ ನೀರು ಅಳೆದು ಕೊಡುತ್ತಿದ್ದಳು. ನಾನು ಬೈಕಿನಲ್ಲಿ ರಾಮನಗರಕ್ಕೆ ಕರಕೊಂಡು ಹೋಗುತ್ತಿದ್ದೆ. ಅಲ್ಲಿ ಮೊದಲು ತೂಕ. ಕದ್ದು ನೀರು ಕುಡಿದಿದ್ದರೆ ಸಿಕ್ಕಿಬಿದ್ದ! ಒಂದು ಸಲ ತೂಕ ಜಾಸ್ತಿ ಬಂತು. ಮಾವ ಚಪ್ಪಲಿ ಬಿಟ್ಟ, ಅಂಗಿ ಬಿಚ್ಚಿದ. ಮುಳ್ಳು ಇಳಿಯಲಿಲ್ಲ.

“ಉಡ್ದಾರದ್ದು ಕಣಮ್ಮ ಈ ತೂಕ.”

“ಏನ್ ಯಜಮಾನ್ರೇ, ಉಡ್ದಾರ ಮೂರ್ ಕೆಜಿ ಐತಾ?” ಅಂದರು ನರ್ಸಮ್ಮ.

ಆಮೇಲೆ ಕದ್ದು ಕುಡಿಯೋದು ಬಿಟ್ಟ. ಬದಲಿಗೆ ನನ್ನನ್ನು ಪಂಪ್‌ಸೆಟ್ ಹತ್ತಿರ ಕರಕೊಂಡು ಹೋಗಿ ಪೈಪಿಗೆ ಬಾಯಿ ಕೊಡು ಅನ್ನುತ್ತಿದ್ದ.

“ನೀನ್ ಕುಡಿ, ನಾನ್ ನೋಡ್ತೀನಿ.”

ನಾನು ಗಟಗಟ ಕುಡಿದರೆ ಅವನ ಗಂಟಲು ಆಡುತ್ತಿತ್ತು.

“ಹೆಂಗೈತ್ಲಾ?”

“ನೀರಂಗೈತೆ ಮಾವ.”

“ಥೂ, ಸರ್ಯಾಗ್ ಹೇಳ್ಲಾ! ತಣ್ಗೈತಾ?”

“ತಣ್ಗೈತೆ ಮಾವ.”

ಕಣ್ಣು ಮುಚ್ಚಿ ತುಟಿ ಸವರಿಕೊಳ್ಳುತ್ತಿದ್ದ.

ಅವನ ತಿಥಿ ದಿನ ಎಡೆ ಇಟ್ಟೆವು. ಮುದ್ದೆ, ಬಾಡು, ಬೀಡಿ, ಎಲ್ಲಾ ಅವನಿಗೆ ಇಷ್ಟವಾದದ್ದೇ. ನೀರು ಮಾತ್ರ ಅತ್ತೆ ಅದೇ ಅರ್ಧ ಲೋಟ ಇಟ್ಟಳು. ಇಟ್ಟವಳು ಲೋಟ ನೋಡುತ್ತಾ ಹಾಗೇ ನಿಂತಳು.

ಪಂಪ್‌ಸೆಟ್ಟಿಗೆ ಹೋಗಿ ಬಿಂದಿಗೆ ತುಂಬಾ ಹಿಡಿದುಕೊಂಡು ಬಂದೆ. ಎಡೆ ಮುಂದೆ ಇಟ್ಟೆ.

“ತಣ್ಗೈತೆ ಮಾವ, ಕುಡಿ. ಇವತ್ತು ಯಾರೂ ತೂಕ ಹಾಕಲ್ಲ.”