ಕಪ್ಪೆಗಾಡಿಯ ಮ್ಯಾಚಿಂಗ್ ಬಲ್ಬು

ಗಾಡಿ ಲೈಟಿನ ಅಂಗಡಿಗೆ ಜನ ಬರೀ ಬಲ್ಬು ಕೇಳಿಕೊಂಡು ಬರುತ್ತಾರೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಬಲ್ಬಿನ ಜೊತೆಗೆ ಅವರ ಮನೆಯ ಸಮಾಚಾರವೂ ಬರುತ್ತದೆ, ವಾರಕ್ಕೊಂದಾದರೂ ಇಂಥ ಪ್ರಸಂಗ ನಡೆಯುತ್ತದೆ. ನನಗೂ ವ್ಯಾಪಾರಕ್ಕಿಂತ ಅದರ ಮೇಲೇ ಆಸೆ ಜಾಸ್ತಿ. ಚಳ್ಳಕೆರೆಯಲ್ಲಿ ಅಪ್ಪ ನಡೆಸುತ್ತಿದ್ದ ಅಂಗಡಿ, ಈಗ ನನ್ನದು. ಎಣ್ಣೆ ಮಿಲ್ಲಿನ ಲಾರಿಗಳಿಗೆ, ಶೇಂಗಾ ಹೊರುವ ಟ್ರ್ಯಾಕ್ಟರುಗಳಿಗೆ ಬಲ್ಬು ಮಾರುವುದೂ ನಾನೇ, ಹಾಕಿಕೊಡುವುದೂ ನಾನೇ. ಮೊದಮೊದಲು ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ನೋಡಿದವರು "ಯಜಮಾನ್ರು ಇಲ್ವಾ?" ಎಂದು ಕೇಳುತ್ತಿದ್ದರು. ಯಜಮಾನ್ರು ಸ್ಕೂಲಲ್ಲಿ ಪಾಠ ಮಾಡೋಕೆ ಹೋಗ್ಯಾರೆ, ಅವರಿಗೆ ಮನೆಯ ಟ್ಯೂಬ್‌ಲೈಟ್ ಹಾಕೋಕೂ ಬರಲ್ಲ ಎಂದು ಹೇಳಿ ಹೇಳಿ ಈಗ ಊರಿಗೆಲ್ಲ ರೂಢಿಯಾಗಿದೆ.

ಈ ಅಂಗಡಿಯಲ್ಲಿ ಕೂತು ನಾನು ಕಂಡ ಗಿರಾಕಿಗಳಲ್ಲಿ ಮೊಳಕಾಲ್ಮೂರಿನ ಸೀರೆ ಯಜಮಾನರಿಗೆ ಸಮ ಯಾರೂ ಇಲ್ಲ. ಅವರ ಕಾರಿನ ಎರಡು ದೀಪದ ಕಥೆಯನ್ನಷ್ಟೇ ಹೇಳುತ್ತೇನೆ.

ಬಿಸಿಲಿಗೆ ಹಿಡಿದು ನೋಡಿದ್ದು

ಒಂದು ದಿನ ಅಂಗಡಿಯ ಮುಂದೆ ಒಂದು ಪುಟ್ಟ ಕೆಂಪು ಕಾರು ಬಂದು ನಿಂತಿತು. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ಬಾನೆಟ್ಟಿನ ಮೇಲೆ ಕಪ್ಪೆಯ ಕಣ್ಣಿನ ಹಾಗೆ ಎದ್ದುನಿಂತ ಎರಡು ಗುಂಡು ದೀಪ. ವಿದೇಶದಲ್ಲಿ ಹಿಂದೆ ರೇಸಿಗೆ ಓಡಿಸುತ್ತಿದ್ದ ಜಾತಿಯ ಗಾಡಿಯಂತೆ. ಎದುರಿನ ಚಹಾ ಅಂಗಡಿ ಪೂರ್ತಿ ಖಾಲಿಯಾಗಿ ನನ್ನ ಅಂಗಡಿ ಮುಂದೆ ತುಂಬಿಕೊಂಡಿತು.

ಇಳಿದವರು ಬಿಳಿ ಪಂಚೆಯ ಹಿರಿಯರು. ರೇಷ್ಮೆ ಸೀರೆ ನೇಯುವ ಮನೆತನ. ಬಳ್ಳಾರಿಯ ಯಾವುದೋ ದೊಡ್ಡ ಮನೆಗೆ ಸೀರೆ ತೋರಿಸಲು ಹೋದಾಗ ಹಿತ್ತಲಿನ ಶೆಡ್ಡಿನಲ್ಲಿ ಈ ಕಾರು ಕಂಡು, ಮನಸೋತು, ಕೊಂಡುಬಿಟ್ಟರಂತೆ. ಅವರ ಹೆಂಡತಿ ಅದಕ್ಕೆ ಕಪ್ಪೆಗಾಡಿ ಎಂದು ಹೆಸರಿಟ್ಟು, ಹತ್ತುವುದಿಲ್ಲ ಎಂದು ಹಟ ಹಿಡಿದರಂತೆ. ಮಗಳು ಮಾತ್ರ ಓಡಿಸುವುದನ್ನು ಕಲಿತು, ಮದುವೆಯಾದ ಸಂಜೆ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಓಡಿಸಿಕೊಂಡು ರಾಯದುರ್ಗದ ಗಂಡನ ಮನೆಗೆ ಹೋಗುತ್ತೇನೆ ಎಂದು ಕೂತಿದ್ದಳಂತೆ. ಮದುವೆ ಹತ್ತಿರ ಬಂದಿತ್ತು, ಎರಡು ದೀಪವೂ ಸತ್ತಿದ್ದವು. ಬೀಗರ ಎದುರು ಕುರುಡು ಗಾಡಿಯಲ್ಲಿ ಮಗಳನ್ನು ಕಳಿಸಿದರೆ ಮಾನ ಏನಾದೀತು ಎಂಬುದು ಯಜಮಾನರ ಸಂಕಟ.

ಅವರು ಜೇಬಿನಿಂದ ಒಂದು ರೇಷ್ಮೆ ತುಂಡು ತೆಗೆದು ಬಿಚ್ಚಿದರು. ಒಳಗೆ ಸುಟ್ಟ ಬಲ್ಬು.

"ಇದಕ್ಕೆ ಮ್ಯಾಚಿಂಗ್ ಕೊಡಮ್ಮ" ಎಂದರು.

ಅಂಥ ಮೂರು ಕಿವಿಯ ಹಳೇ ಬಲ್ಬು ಈಗ ಬರುವುದಿಲ್ಲ, ನಡುವೆ ಒಂದು ರಿಂಗು ಕೂರಿಸಿ ಹೊಸದು ಹಾಕಬೇಕು, ಹೆಚ್ಚು ವ್ಯಾಟಿನದು ಹಾಕಿದರೆ ಹಳೇ ವೈರು ಬಿಸಿಯಾಗುತ್ತದೆ ಎಂದೆಲ್ಲ ವಿವರಿಸಿ, ಮೂರ್ನಾಲ್ಕು ಥರದ ಬಲ್ಬು ತೆಗೆದಿಟ್ಟು ಬ್ಯಾಟರಿಗೆ ಹಚ್ಚಿ ತೋರಿಸಿದೆ. ಅವರು ಒಂದೊಂದನ್ನೂ ನೋಡಿ ತಲೆ ಅಲ್ಲಾಡಿಸಿದರು. ಅಂಗಡಿ ಒಳಗಿನ ಲೈಟಿನಲ್ಲಿ ಬಣ್ಣ ನಂಬಬಾರದು, ಅವರ ಕಸುಬಿನಲ್ಲಿ ಸೀರೆಯನ್ನು ಹೊರಗೆ ಬಿಸಿಲಿಗೆ ತಂದೇ ನೋಡುವುದು ಎಂದರು. ಹಿರಿಯರ ಮಾತು ಮೀರಬಾರದೆಂದು ಬ್ಯಾಟರಿಯನ್ನು ಹೊರಗೆ ಹೊತ್ತು ತಂದೆ. ಚಳ್ಳಕೆರೆಯ ನಡುಮಧ್ಯಾಹ್ನದ ಬಿಸಿಲಿನಲ್ಲಿ ಉರಿಯುವ ಬಲ್ಬನ್ನು ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿ, ಆ ಕಡೆ ಈ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟು ಹೇಳಿದರು:

"ಸರಿಯಾಗಿ ತಿಳೀತಿಲ್ಲಮ್ಮ. ಇವತ್ತು ಬಿಸಿಲು ಸ್ವಲ್ಪ ಕಮ್ಮಿ ಐತೆ."

ಮಡಿ ಬಲ್ಬು

ಕೊನೆಗೆ ಜರಿಗೆ ಒಪ್ಪುತ್ತದೆ ಎಂದು ಹಳದಿ ಬೆಳಕಿನ ಬಲ್ಬು ಆರಿಸಿದರು. ಅದೂ ಒಂದೇ. ಮೊದಲು ಒಂದು ಸ್ಯಾಂಪಲ್ ಹಾಕಿ ನೋಡುತ್ತೇನೆ, ಮನೆಯಲ್ಲಿ ಒಪ್ಪಿದರೆ ಜೋಡಿ ಮಾಡೋಣ ಎಂದರು. ತಾವೇ ಹಾಕಿಕೊಳ್ಳುವುದಾಗಿ ಹೇಳಿದ್ದರಿಂದ ನಾನು ಹೇಗೆ ಕೂರಿಸಬೇಕೆಂದು ತೋರಿಸಿ, ಗಾಜನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ, ಕೈಯ ಜಿಡ್ಡು ತಾಗಿದರೆ ಬೇಗ ಸುಟ್ಟುಹೋಗುತ್ತದೆ, ಶುದ್ಧವಾದ ಬಟ್ಟೆಯಲ್ಲಿ ಹಿಡಿಯಿರಿ ಎಂದು ಹೇಳಿ ಕಳಿಸಿದೆ.

ಮರುದಿನ ಬೆಳಿಗ್ಗೆ ಅವರ ಹೆಂಡತಿಯ ಫೋನು. ಬಲ್ಬಿಗೆ ಅರಿಶಿನ ಕುಂಕುಮ ಎಲ್ಲಿ ಹಚ್ಚಬೇಕು, ಗಾಜಿಗೋ ಹಿತ್ತಾಳೆಗೋ ಎಂದು ಕೇಳಿದರು. ನನಗೆ ತಲೆಬುಡ ತಿಳಿಯಲಿಲ್ಲ. ಕೇಳುತ್ತಾ ಹೋದರೆ ನಡೆದದ್ದು ಇಷ್ಟು. ಮುಟ್ಟಬಾರದು, ಶುದ್ಧ ಬಟ್ಟೆ ಎಂಬ ಎರಡು ಮಾತು ಯಜಮಾನರ ಬಾಯಿಂದ ಬಿದ್ದದ್ದೇ, ಆಕೆ ಬಲ್ಬನ್ನು ದೇವರ ಮನೆಯ ಗೂಡಿನಲ್ಲಿ ಇಟ್ಟುಬಿಟ್ಟಿದ್ದರು. ಸ್ನಾನವಾಗದೆ ಅದನ್ನು ತೆಗೆಯುವ ಹಾಗಿಲ್ಲ ಎಂದು ಗಂಡನಿಗೆ ಕಟ್ಟಪ್ಪಣೆ. ಯಜಮಾನರು ನಸುಕಿನಲ್ಲೇ ತಲೆಗೆ ನೀರು ಹಾಕಿಕೊಂಡು, ರೇಷ್ಮೆ ಮಡಿ ಉಟ್ಟು, ರೇಷ್ಮೆ ವಸ್ತ್ರದಲ್ಲಿ ಬಲ್ಬು ಹಿಡಿದು ಕಪ್ಪೆಗಾಡಿಯ ಮುಂದೆ ಕೂತಿದ್ದರು. ಬೀದಿಯವರು ಪೂಜೆ ಎಂದು ತಿಳಿದು ಹೂವು, ತೆಂಗಿನಕಾಯಿ ಹಿಡಿದು ಬಂದಿದ್ದರು. ರಿಂಗು ಸರಿಯಾಗಿ ಕೂರುವುದರೊಳಗೆ ಯಾರೋ ಮಂಗಳಾರತಿಯನ್ನೂ ಮುಗಿಸಿದ್ದರು.

ಇದರಿಂದ ತೊಂದರೆ ಏನೂ ಇಲ್ಲ, ಆದರೆ ಕುಂಕುಮ ಹಚ್ಚಬೇಡಿ ಎಂದೆ. ಆಕೆ ದನಿ ತಗ್ಗಿಸಿ ಕೇಳಿದರು:

"ಇನ್ನೊಂದು ಬಲ್ಬು ಯಾವಾಗ ಕಳಿಸ್ತೀಯವ್ವ? ಈ ಮನುಷ್ಯ ನನ್ನ ಕೈಲಿ ಬೈಸ್ಕೊಳ್ಳದೆ ಸ್ನಾನ ಮಾಡಿದ್ದು ಇದೇ ಮೊದಲು."

ಎಲ್ಲಾ ಪ್ಲಸ್ಸು

ಮಗಳು ಒಪ್ಪಲಿಲ್ಲ. ಹಳದಿ ಬೆಳಕಿನಲ್ಲಿ ರಸ್ತೆಯ ಗುಂಡಿ ಕಾಣುವುದಿಲ್ಲ, ಬೆಳ್ಳಗಿನ ಎಲ್‌ಇಡಿಯೇ ಬೇಕು ಎಂದಳು. ಯಜಮಾನರು ಮತ್ತೆ ಕಪ್ಪೆಗಾಡಿ ತಂದು ನಿಲ್ಲಿಸಿದರು. ನಾನು ಬಲಗಡೆಗೆ ಎಲ್‌ಇಡಿ ಹಾಕಿದೆ, ಹತ್ತಲಿಲ್ಲ. ಇನ್ನೊಂದು ಹಾಕಿದೆ, ಅದೂ ಹತ್ತಲಿಲ್ಲ. ಎಡಗಡೆ ಮಡಿ ಬಲ್ಬು ಮಾತ್ರ ಹಾಯಾಗಿ ಉರಿಯುತ್ತಿತ್ತು.

ಇಂಥದ್ದು ಕಂಡರೆ ನನಗೆ ಊಟ ನಿದ್ದೆ ಬೇಡ. ಸ್ಟೂಲು ಎಳೆದುಕೊಂಡು ಕೂತು ಮೀಟರ್ ಹಚ್ಚಿದೆ. ಮೀಟರಿನ ಮುಳ್ಳು ಉಲ್ಟಾ ಓಡಿತು. ಮೀಟರೇ ಕೆಟ್ಟಿದೆ ಎಂದು ಪಕ್ಕದ ಗ್ಯಾರೇಜಿನಿಂದ ಬೇರೆ ತರಿಸಿದೆ. ಅದೂ ಉಲ್ಟಾ ಓಡಿತು. ಆಗ ನನಗೆ ಹೊಳೆಯಿತು. ನಾವು ದಿನಾ ನೋಡುವ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ ತಂತಿಯನ್ನು ಗಾಡಿಯ ಮೈಗೆ ಕಟ್ಟಿರುತ್ತಾರೆ. ಇದರಲ್ಲಿ ಪ್ಲಸ್ ಕಟ್ಟಿದ್ದರು. ಆ ಕಾಲದ ಕೆಲವು ಗಾಡಿಗಳು ಹೀಗೇ ಎಂದು ಅಪ್ಪ ಹೇಳಿದ್ದು ನೆನಪಾಯಿತು, ಕಣ್ಣಾರೆ ಕಂಡದ್ದು ಅವತ್ತೇ. ತಂತಿ ಉರಿಯುವ ಬಲ್ಬಿಗೆ ಯಾವ ಕಡೆಯಿಂದ ಕರೆಂಟು ಬಂದರೂ ಒಂದೇ, ಎಲ್‌ಇಡಿಗೆ ಹಾಗಲ್ಲ. ಎರಡೂ ಕಡೆಗೆ ಒಗ್ಗುವ ಜಾತಿಯ ಎಲ್‌ಇಡಿ ನನ್ನ ಹತ್ತಿರ ಇದ್ದದ್ದು ಒಂದೇ. ಅದನ್ನು ಬಲಗಡೆ ಹಾಕಿದೆ, ಬೆಳ್ಳಗೆ ಹತ್ತಿತು. ಇನ್ನೊಂದನ್ನು ದಾವಣಗೆರೆಯಿಂದ ತರಿಸುತ್ತೇನೆ, ಅಲ್ಲಿಯವರೆಗೆ ಎಡಗಡೆ ಹಳದಿ ಇರಲಿ ಎಂದೆ.

ಇಷ್ಟೆಲ್ಲ ವಿವರಿಸಿ, ನಿಮ್ಮ ಗಾಡಿಯ ಮೈಯೆಲ್ಲ ಪ್ಲಸ್ ಎಂದಾಗ ಯಜಮಾನರ ಮುಖ ಅರಳಿತು. ಕಾರಿನ ಬೆನ್ನು ಸವರಿ ಹೇಳಿದರು:

"ಮಾರಿದೋನು ಅವತ್ತೇ ಹೇಳಿದ್ದ ಕಣಮ್ಮ, ಈ ಗಾಡೀಲಿ ಎಲ್ಲಾ ಪ್ಲಸ್ಸೇ, ಮೈನಸ್ ಹುಡುಕಿದ್ರೂ ಸಿಗಲ್ಲ ಅಂತ."

ನಡುವೆ ನಿಂತವನು

ಒಂದು ಕಣ್ಣು ಹಳದಿ, ಒಂದು ಕಣ್ಣು ಬಿಳಿ. ಬೇರೆಯವರಾಗಿದ್ದರೆ ನಾಲ್ಕು ದಿನ ಸುಮ್ಮನಿರುತ್ತಿದ್ದರು. ಇವರು ದಿನಾ ಬೆಳಿಗ್ಗೆ ಫೋನು ಮಾಡುತ್ತಿದ್ದರು. ಸೀರೆಗೆ ಒಂದು ಅಂಚು ಒಂದು ಬಣ್ಣ, ಇನ್ನೊಂದು ಅಂಚು ಇನ್ನೊಂದು ಬಣ್ಣ ಆದರೆ ನೇಯ್ದವನ ಮುಖಕ್ಕೆ ಉಗಿಯುತ್ತಾರೆ, ನಾನು ಈ ಗಾಡಿಯನ್ನು ಬೀದಿಗೆ ಹೇಗೆ ತರಲಿ ಎಂದು ಕೇಳುತ್ತಿದ್ದರು. ಬಲ್ಬು ಬಂದಿಲ್ಲ ಎಂದರೆ, ಬಂದ ಕೂಡಲೇ ಹೇಳು ಎನ್ನುತ್ತಿದ್ದರು. ನಾನು ಹೇಳದೆ ಇನ್ಯಾರು ಹೇಳುತ್ತಾರೆ?

ಆದರೂ ಬೀದಿಗೆ ತಂದರು. ಅವರೂರ ಹತ್ತಿರದ ಸಿದ್ದಾಪುರದ ಕಡೆ ನೆಂಟರಿಗೆ ಲಗ್ನಪತ್ರಿಕೆ ಕೊಟ್ಟು ಮುಸ್ಸಂಜೆಯಲ್ಲಿ ವಾಪಸು ಬರುತ್ತಿದ್ದರಂತೆ. ಬಂಡೆಗುಡ್ಡಗಳ ನಡುವಿನ ರಸ್ತೆ, ಎದುರಿಗೆ ಕುರಿಮಂದೆ. ಕುರಿಗಳೆಲ್ಲ ಬದಿಗೆ ಸರಿದವು. ಕುರಿ ಕಾಯುವವನು ಮಾತ್ರ ಕಂಬಳಿ ಹೊದ್ದು ರಸ್ತೆಯ ನಟ್ಟನಡುವೆ ಬಂದು ಅಲ್ಲಾಡದೆ ನಿಂತುಕೊಂಡ. ಹಾರ್ನ್ ಹೊಡೆದರೂ ಸರಿಯಲಿಲ್ಲ. ಯಜಮಾನರು ಬ್ರೇಕಿನ ಮೇಲೆ ನಿಂತೇಬಿಟ್ಟರು. ಕಪ್ಪೆಗಾಡಿಯ ಮೂತಿ ಅವನ ಕಂಬಳಿಗೆ ತಾಗಿ ನಿಂತಿತು.

ಮದುವೆ ಮನೆಯಿಂದ ಹೊರಟವನು ಒಂದು ಜೀವ ತೆಗೆಯುತ್ತಿದ್ದೆನಲ್ಲ ಎಂದುಕೊಳ್ಳುತ್ತಾ ಕಾರಿನಿಂದ ಇಳಿದರಂತೆ. ಇವರು ಬಾಯಿ ತೆರೆಯುವುದರೊಳಗೆ ಅವನೇ ಜೋರು ಮಾಡಿದ:

"ಒಂದು ಹಳದಿ ಲೈಟು, ಒಂದು ಬಿಳಿ ಲೈಟು. ಎರಡು ಬೈಕು ಜೋಡಿ ಬರ್ತಾವೆ, ಆ ಕಡೆ ಒಂದು ಈ ಕಡೆ ಒಂದು ಹೋಗ್ಲಿ ಅಂತ ನಡುವೆ ನಿಂತೆ. ನಡುವೆ ಕಾರು ಇಟ್ಕೊಂಡು ಬರ್ತೀರಿ ಅಂತ ನಂಗೇನ್ರಿ ಗೊತ್ತು?"

ಪಚ್ಚ

ಈ ಪ್ರಸಂಗವಾದ ಮೇಲೆ ಯಜಮಾನರ ಫೋನು ದಿನಕ್ಕೆ ಎರಡಾಯಿತು. ಆದರೆ ದನಿಯಲ್ಲಿ ಬಲ್ಬಿಗಿಂತ ದೊಡ್ಡ ಚಿಂತೆ ಇದ್ದ ಹಾಗಿತ್ತು. ನಾನು ಬಿಡುವವಳಲ್ಲ, ಕೆದಕಿದೆ. ಹೊರಬಿತ್ತು.

ಧಾರೆಯ ಸೀರೆಯನ್ನು ಅವರು ತಮ್ಮ ಮಗ್ಗದಲ್ಲಿ ತಾವೇ ನೇಯುತ್ತಿದ್ದರು. ಬಣ್ಣ ಯಾವುದಿರಲಿ ಎಂದು ರಾಯದುರ್ಗದ ಬೀಗಿತ್ತಿಯನ್ನು ಕೇಳಿದ್ದಕ್ಕೆ ಆಕೆ ತೆಲುಗಿನಲ್ಲಿ "ಪಚ್ಚ" ಎಂದಿದ್ದರು. ಪಚ್ಚ ಎಂದರೆ ಹಸಿರು. ಇವರ ಮನೆಯಲ್ಲಿ ಕನ್ನಡ ತೆಲುಗು ಎರಡೂ ಆಡುತ್ತಾರೆ, ಅನುಮಾನಕ್ಕೆ ಜಾಗವಿರಲಿಲ್ಲ. ಮಗಳು ಹಸಿರು ಸೀರೆಯಲ್ಲಿ ಧಾರೆಗೆ ಕೂರಬೇಕು ಎಂದು ಹೆಂಡತಿಗೂ ಮೊದಲಿನಿಂದ ಆಸೆ. ಹಸಿರು ಹಾಸು, ಅಂದರೆ ಉದ್ದದ ಎಳೆಗಳನ್ನು, ಹೂಡಿ ಮಗ್ಗಕ್ಕೆ ಏರಿಸಿದ ಮೇಲೆ ಬೀಗಿತ್ತಿ ಮತ್ತೆ ಫೋನು ಮಾಡಿ, ಪಚ್ಚ ಎಂದರೆ ಅರಿಶಿನದ ಕೊಂಬಿನ ಹಾಗೆ ಪಚ್ಚಗಿರಬೇಕು ಎಂದರಂತೆ. ತೆಲುಗಿನಲ್ಲಿ ಎಲೆಯೂ ಪಚ್ಚ, ಅರಿಶಿನವೂ ಪಚ್ಚ. ಆಕೆ ಕೇಳಿದ್ದು ಹಳದಿ.

ಹೆಂಡತಿಗೆ ಹೇಳಿದರೆ ಹಸಿರು ಬಿಡುವವರಲ್ಲ. ಬೀಗಿತ್ತಿಗೆ ಹೇಳಿದರೆ ಮೊದಲ ಮಾತೇ ನಡೆಸಲಿಲ್ಲ ಎಂದು ಮುನಿಸು. ಸೀರೆಯ ಬಣ್ಣಕ್ಕೆ ಶುರುವಾದ ಮನಸ್ತಾಪ ಎಷ್ಟು ಮನೆಗಳಲ್ಲಿ ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ ಎಂಬುದನ್ನು ಸೀರೆ ಮಾರುವವರಿಗಿಂತ ಬೇರೆ ಯಾರು ಬಲ್ಲರು? ಯಜಮಾನರು ಯಾರಿಗೂ ಹೇಳದೆ ಆ ಹಸಿರು ಎಳೆಗಳಿಗೆ ಅಡ್ಡಲಾಗಿ ಹಳದಿ ಹೊಕ್ಕು ಹಾಕಿ ನೇಯ್ದುಬಿಟ್ಟರು. ಬಣ್ಣ ಗಿಳಿಯ ಮೈಯ ಹಾಗೆ ಬಂತು, ಇತ್ತ ಹಸಿರೂ ಅಲ್ಲ, ಅತ್ತ ಹಳದಿಯೂ ಅಲ್ಲ.

"ಇಬ್ಬರೂ ಸೇರಿ ನನ್ನ ಕೊಲ್ತಾರಮ್ಮ" ಎಂದರು. ನಗಬೇಕೆಂದಿದ್ದೆ, ಅವರ ದನಿ ಕೇಳಿ ನಗು ಬರಲಿಲ್ಲ.

ದಾವಣಗೆರೆಯಿಂದ ಬಲ್ಬು ಬಂತು. ಅದನ್ನು ಹಿಡಿದು ನಾನೇ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಬಲ್ಬು ಹಾಕುವುದು ಎಷ್ಟರ ಕೆಲಸ, ಸೀರೆ ನೋಡುವ ಚಪಲ ನನಗೆ. ಹೋದರೆ ಅದೇ ಸಂಜೆ ಬೀಗಿತ್ತಿಯೂ ಸೀರೆ ನೋಡಲು ಬಂದು ಜಗಲಿಯಲ್ಲಿ ಕೂತಿದ್ದಾರೆ. ಫಲಹಾರವಾಯಿತು, ಕತ್ತಲಾಗುತ್ತಾ ಬಂತು. ಯಜಮಾನರು ಬೆವರುತ್ತಾ ಸೀರೆಯ ಪೆಟ್ಟಿಗೆ ತಂದರು. ಮುಚ್ಚಳ ತೆಗೆಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು.

ನಾಳೆ ಬಿಸಿಲಿನಲ್ಲಿ ನೋಡೋಣ ಎಂದು ಯಜಮಾನರು ಆಸೆಯಿಂದ ಹೇಳಿದರು. ಬೀಗಿತ್ತಿ ಒಪ್ಪಲಿಲ್ಲ, ನೋಡಿಯೇ ಹೊರಡುತ್ತೇನೆ ಎಂದರು. ಮಗಳು ಎದ್ದು ಹೋಗಿ ಕಪ್ಪೆಗಾಡಿಯನ್ನು ಜಗಲಿಗೆ ಮುಖಮಾಡಿ ನಿಲ್ಲಿಸಿ ದೀಪ ಹಾಕಿದಳು. ನಾನಿನ್ನೂ ಹೊಸ ಬಲ್ಬು ಹಾಕಿರಲಿಲ್ಲ, ನನ್ನ ಕೈಚೀಲದಲ್ಲೇ ಇತ್ತು.

ಸೀರೆಯನ್ನು ಉದ್ದಕ್ಕೆ ಹರಡಿದರು. ಒಂದು ತುದಿ ಯಜಮಾನರ ಹೆಂಡತಿಯ ಕೈಯಲ್ಲಿ, ಇನ್ನೊಂದು ತುದಿ ಬೀಗಿತ್ತಿಯ ಕೈಯಲ್ಲಿ. ಹೆಂಡತಿ ನಿಂತದ್ದು ಬೆಳ್ಳಗಿನ ದೀಪದ ಎದುರು. ಆಕೆಯ ಕೈಯಲ್ಲಿದ್ದದ್ದು ಅಪ್ಪಟ ಹಸಿರು. ಬೀಗಿತ್ತಿ ನಿಂತದ್ದು ಮಡಿ ಬಲ್ಬಿನ ಎದುರು. ಆಕೆಯ ಕೈಯಲ್ಲಿ ಸೀರೆ ಅರಿಶಿನದ ಹಾಗೆ ಹೊಳೆಯುತ್ತಿತ್ತು.

ಬೀಗಿತ್ತಿ ಸೆರಗು ಸವರುತ್ತಾ, ನಾನು ಹೇಳಿದ ಪಚ್ಚ ಇದೇ ಎಂದರು.

"ಪಚ್ಚ ಅಂದ್ರೆ ಇದೇ ನೋಡ್ರಿ" ಎಂದು ಹೆಂಡತಿಯೂ ಈ ತುದಿಯಿಂದ ಹೇಳಿದರು. "ಇಷ್ಟು ಚೆನ್ನಾಗಿರೋ ಪಚ್ಚ ನಾನು ನೋಡೇ ಇಲ್ಲ."

ಇಬ್ಬರೂ ತಮ್ಮ ತಮ್ಮ ತುದಿ ಮಡಿಸುತ್ತಾ ನಡುವೆ ಬಂದು ಸೇರಿ, ಸೀರೆಯನ್ನು ಪೆಟ್ಟಿಗೆಗೆ ಹಾಕಿ, ತಾಂಬೂಲ ಬದಲಾಯಿಸಿಕೊಂಡರು. ಯಜಮಾನರ ಕಣ್ಣು ಒದ್ದೆಯಾಗಿತ್ತು. ನನಗೂ ಸಮಾಧಾನವಾಯಿತು. ಬಂದ ಕೆಲಸ ಮುಗಿಸಿಬಿಡೋಣ ಎಂದು ಹೊಸ ಬಲ್ಬು, ಸ್ಕ್ರೂಡ್ರೈವರ್ ತೆಗೆದು ಎಡಗಡೆಯ ದೀಪದ ಕಡೆ ಹೋದೆ. ಯಜಮಾನರು ಓಡಿಬಂದು ನನಗೂ ಕಾರಿಗೂ ನಡುವೆ ನಿಂತರು.

"ಅದನ್ನ ಮುಟ್ಟಬೇಡಮ್ಮ."

ಎರಡು ಅಂಚು ಎರಡು ಬಣ್ಣ ಆದರೆ ಉಗಿಯುತ್ತಾರೆ ಎಂದು ದಿನಾ ನನ್ನ ಪ್ರಾಣ ತಿಂದವರು ನೀವೇ ಅಲ್ಲವೇ ಎಂದೆ. ಅವರು ಜಗಲಿಯ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅದು ಹಂಗೇ ಇರ್ಲಿ. ಮದುವೆ ಛತ್ರದ ಲೈಟು ಬದಲಾಯಿಸಬೇಕು, ಆ ಕೆಲಸ ನಿಂಗೇ ಕೊಟ್ಟೀನಿ. ಹೆಣ್ಣಿನ ಕಡೆಯವರು ಕೂರೋ ಜಾಗಕ್ಕೆಲ್ಲ ಬೆಳ್ಳಗಿಂದು, ಗಂಡಿನ ಕಡೆಯವರಿಗೆಲ್ಲ ಹಳದಿ."