ಕಾರಕೂನರ ಹಿತ್ತಲಿಗೆ ಬಂದ ನೀಲಿಕೊರಳು

"ರವಿವಾರದೊಳಗ ಆ ಹಕ್ಕಿ ಹೆಸರು, ಕುಲ, ಗೋತ್ರ ಎಲ್ಲಾ ಹೇಳಲಿಲ್ಲಂದ್ರ ನಾ ಪರಮೇಶಪ್ಪನ ಅಲ್ಲ!"

ಶಿಗ್ಗಾಂವಿಯ ಕಚೇರಿಯಲ್ಲಿ ಲೆಕ್ಕಪತ್ರ ಬರೆಯುವ ಕಾರಕೂನ ಪರಮೇಶಪ್ಪನವರು ಹೀಗೆ ಶಪಥ ತೊಟ್ಟದ್ದು ಗೆಳೆಯ ಬಂದೇಸಾಬರ ಎದುರಿಗೆ. ಬಂದೇಸಾಬರು ಬಂಕಾಪುರದವರು. ಸಿಕ್ಕಾಗಲೆಲ್ಲ ತಮ್ಮೂರ ಕೋಟೆಯ ನವಿಲುಗಳನ್ನು ಹೊಗಳಿ, "ನಿಮ್ಮೂರಾಗ ಗುಬ್ಬಿ ಬಿಟ್ರ ಏನೈತ್ರಿ?" ಎಂದು ಕೆಣಕುವವರು. ಆ ಚಳಿಗಾಲದಲ್ಲಿ ದೇವರೇ ಕಾರಕೂನರ ಹಿತ್ತಲಿಗೆ ಉತ್ತರ ಕಳಿಸಿದ್ದ. ಗುಬ್ಬಿಯಷ್ಟೇ ಗಾತ್ರ, ಮಣ್ಣಿನ ಬಣ್ಣದ ಬೆನ್ನು. ಆದರೆ ಇತ್ತ ತಿರುಗಿದರೆ ಕೊರಳೆಲ್ಲ ನೀಲಿ! ಕೆಸುವಿನೆಲೆಯ ನೆರಳಿನಿಂದ ಜಿಗಿದು, ಬಾಲ ನಿಮಿರಿಸಿ, ಮಾಯ!

ಕೂಡಲೇ ಹೆಂಡತಿ ಭರಮವ್ವನಿಗೆ ಹುಕುಂ ಹೊರಟಿತು. "ಹಿತ್ತಲದಾಗ ಸಪ್ಪಳ ಆಗಬಾರದು. ಇವತ್ತಿನಿಂದ ಅಲ್ಲಿ ಭಾಂಡೆ ತಿಕ್ಕೋದು ಬಂದ್, ಅರಿವಿ ಒಗಿಯೋದು ಬಂದ್!"

"ಉಣ್ಣೋದೂ ಬಂದ್ ಏನ್ರಿ?"

"ಅದ್ಹೆಂಗ? ಊಟದ ಮಾತು ಬ್ಯಾರೆ."

"ಭಾಂಡೆಗೆ ಅದು ತಿಳಿಯೂದಿಲ್ರಿ. ಉಂಡಮ್ಯಾಲ ಮುಸುರಿ ಆಗ್ತಾವ."

ಭರಮವ್ವ ಬುಟ್ಟಿ ತುಂಬ ಮುಸುರೆ ಪಾತ್ರೆ ಹೊತ್ತು, ಬೇಲಿಯಾಚೆಯ ಮುನವ್ವರಾಳ ಹಿತ್ತಲಿಗೆ ನಡೆದಳು. ಹೊತ್ತು ಹೋಗುವುದು, ತಿಕ್ಕುವುದು, ಮತ್ತೆ ಹೊತ್ತು ತರುವುದು. ಪಕ್ಷಿಶಾಸ್ತ್ರಕ್ಕೆ ಸೊಂಟ ಅವಳದು, ಕೀರ್ತಿ ಇವರದು!

ಇತ್ತ ಕಾರಕೂನರು ಕಂಬಳಿ ಹೊದ್ದು ಕಿಟಕಿಯ ಹಿಂದೆ ಆಸೀನರಾದರು. ಬಂದ ಕೆಮ್ಮನ್ನೂ ನುಂಗಿದರು. ಅಂಥ ಮೌನ ಮಠದಲ್ಲೂ ಇರಲಿಕ್ಕಿಲ್ಲ! ಮರುದಿನ ಹಕ್ಕಿ ಬಂದು, ಅತ್ತಿತ್ತ ನೋಡಿ, ಬೇಸರದಿಂದ ಹೊರಟುಹೋಯಿತು. ಆಮೇಲೆ ಬರಲೇ ಇಲ್ಲ. ಸದಾ ಒದ್ದೆಯಾಗಿರುತ್ತಿದ್ದ ಕೆಸುವಿನ ಮಡಿ ಒಣಗಿ ಬಿರುಕು ಬಿಟ್ಟಿತು.

ಶನಿವಾರ ಬೇಲಿಯಾಚೆಯಿಂದ ಮುನವ್ವರಾಳ ಕೂಗು: "ಕಾರಕೂನರ, ನಿಮ್ಮ ಹಕ್ಕಿ ನಮ್ಮ ಮನಿಗೆ ಬಂದೈತ್ರಿ! ಅಕ್ಕ ಭಾಂಡೆ ತಿಕ್ಕಾಕತ್ತಾಳ, ಅದು ಬಾಜೂಕ ನಿಂತು ಹುಳ ಹೆಕ್ಕಾಕತ್ತೈತಿ!"

ಕಾರಕೂನರ ತಲೆಯೊಳಗೆ ದೀಪ ಹತ್ತಿತು. ಹಕ್ಕಿ ಬರುತ್ತಿದ್ದದ್ದು ಇವರ ಮೌನಕ್ಕಲ್ಲ, ಮುಸುರೆ ನೀರು ಹರಿದ ಹಸಿ ನೆಲಕ್ಕೆ, ಅಲ್ಲಿಯ ಹುಳಕ್ಕೆ!

"ಏ ಇವಳ, ನಾಳೆ ಇಲ್ಲೇ ತಿಕ್ಕು."

"ನಾ ಒಲ್ಲೆನ್ರಿ. ಅಲ್ಲಿ ಮುನವ್ವರಾ ನೀರು ಹಾಕ್ತಾಳ, ಮಾತಾಡ್ಕೋತ ಕೆಲಸ ಹಗುರ ಆಗ್ತೈತಿ. ಇಲ್ಲಿ ಯಾರು ಹಾಕ್ತಾರ? ನೀವು?"

"ನಾಳೆ ಬಂದೇಸಾಬ ಬರ್ತಾನ! ನನ್ನ ಮಾನದ ಪ್ರಶ್ನೆ!"

"ಮಾನ ನಿಮ್ದು, ಬೂದಿ ಒಲಿಯಾಗೈತಿ. ತಗೊಳ್ರಿ."

ರವಿವಾರ ಬೆಳಿಗ್ಗೆ ಬಂದೇಸಾಬರು ಹಿತ್ತಲ ಬಾಗಿಲಿಗೆ ಬಂದು ನಿಂತಾಗ ಕಂಡದ್ದೇನು? ಕಚ್ಚೆ ಎತ್ತಿ ಕಟ್ಟಿ, ಮೊಣಕೈವರೆಗೆ ಬೂದಿ ಬಳಿದುಕೊಂಡು, ರೊಟ್ಟಿ ಹಂಚಿನ ಮಸಿಯೊಡನೆ ಘೋರ ಯುದ್ಧ ಹೂಡಿದ್ದ ಕಾರಕೂನ ಪರಮೇಶಪ್ಪನವರು! ಸೊಂಟ ಹಿಡಿದಿತ್ತು. ತಂಬಿಗೆ ಜಾರಿ ಢಣ್ಣೆಂದಿತು. ನೀರು ಕೆಸುವಿನ ಮಡಿಗೆ ಹರಿದಿತ್ತು. ಬಂದೇಸಾಬರು ನಗಲು ಬಾಯಿ ತೆರೆದರು.

ಅಷ್ಟರಲ್ಲಿ ಹಕ್ಕಿ ಬಂತು.

ಕೈಗೆಟುಕುವಷ್ಟು ಹತ್ತಿರ. ಎಳೆಬಿಸಿಲು ಅದರ ಕೊರಳಿಗೆ ಬಿತ್ತು. ಹೂಬಿಟ್ಟ ಅಗಸೆ ಹೊಲದ ನೀಲಿ, ಅದರ ನಡುವೆ ಇಟ್ಟಂತೆ ಕೆಂಪು ಬೊಟ್ಟು. ಇಷ್ಟು ಪುಟ್ಟ ಜೀವದ ಮೇಲೆ ಇಷ್ಟೊಂದು ಬಣ್ಣ ಖರ್ಚು ಮಾಡಿದವರಾರು! ಹಕ್ಕಿ ತಲೆ ಓರೆ ಮಾಡಿ ಕಾರಕೂನರನ್ನು ನೋಡಿತು. ಮಸಿ, ಸೊಂಟನೋವು, ನವಿಲು ಎಲ್ಲ ಅವರಿಗೆ ಮರೆತುಹೋದವು. ದಿನವೂ ಭರಮವ್ವನ ಮಗ್ಗುಲಲ್ಲೇ ಇದು ಹೀಗೆ ಬಂದು ನಿಲ್ಲುತ್ತಿತ್ತೇ? ಬೂದಿ ಮೆತ್ತಿದ ಕೈ ತಡೆದು ಅವಳೂ ಹೀಗೆ ಬೆರಗಾಗುತ್ತಿದ್ದಳೇ? ಅವರು ಒಮ್ಮೆಯೂ ಕೇಳಿರಲಿಲ್ಲ.

"ಯಾ ಅಲ್ಲಾ!" ಬಂದೇಸಾಬರು ಪಿಸುಗುಟ್ಟಿದರು. "ನಮ್ಮ ನವಿಲು ಇದರ ಮುಂದ ಏನೂ ಅಲ್ಲ ಬಿಡ್ರಿ. ಹೆಸರೇನ್ರಿ ಇದರದ್ದು?"

ಪರಮೇಶಪ್ಪನವರು ಬಾಯಿ ತೆರೆದರು. ಕುಲವೂ ಬರಲಿಲ್ಲ, ಗೋತ್ರವೂ ಬರಲಿಲ್ಲ.

"ನನಗ... ಗೊತ್ತಿಲ್ಲ."

ಹಿಂದೆ ನಿಂತಿದ್ದ ಭರಮವ್ವ, ಹಕ್ಕಿಗೆ ಕೇಳದಷ್ಟು ಮೆಲ್ಲಗೆ ಅಂದಳು: "ಇರ್ಲಿ ಬಿಡ್ರಿ. ನೀವು ಯಾರಂತ ಅದಕ್ಕ ಗೊತ್ತಾಗೈತಿ. ಭಾಂಡೆ ತಿಕ್ಕಾವ್ರು! ನಾಳೆ ನೀವು ಕುಂದರಲಿಲ್ಲಂದ್ರ, ಪಾಪ, ಹಾದಿ ಕಾಯ್ತೈತಿ."