ಪಾಲಣ್ಣನ ಮನೆಯಲ್ಲಿ ಅತ್ತವಳು

ಕೂಡ್ಲಿಗಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಪಾಲಣ್ಣ, 2003ರ ಆಷಾಢದ ಒಂದು ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಭೀಷ್ಮಪ್ರತಿಜ್ಞೆ ಮಾಡಿದ. "ಇವತ್ತು ಹೊತ್ತು ಮುಳುಗೋದ್ರೊಳಗ ತೀರ್ಪು ಕೊಡದಿದ್ರ ನನ್ನ ಹೆಸರು ಪಾಲಣ್ಣನ ಅಲ್ಲ!" ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ, ಈ ಪ್ರತಿಜ್ಞೆಗೆ ಇದು ಹನ್ನೊಂದನೆಯ ದಿನವೆಂದು ನೆನಪಿಸುತ್ತಿದ್ದರು.

ವ್ಯಾಜ್ಯ ಇದ್ದದ್ದು ಎರಡು ಟಿವಿ ಗೇಮ್ ಪೆಟ್ಟಿಗೆಗಳ ನಡುವೆ. ಒಂದು ಕ್ಯಾಸೆಟ್ ಹಾಕುವುದು, ಬಳ್ಳಾರಿಯಿಂದ ತಂದದ್ದು. ಇನ್ನೊಂದು ಸಿಡಿ ಹಾಕುವುದು, ಹೊಸಪೇಟೆಯ ಗೆಳೆಯನಿಗೆ ಹಳೆಯ ಆಂಪ್ಲಿಫೈಯರ್ ಕೊಟ್ಟು ಬದಲಿಗೆ ತಂದದ್ದು. ಎರಡರಲ್ಲೂ ಅವನು ಆಡುತ್ತಿದ್ದ ಆಟ ಒಂದೇ. ಊರಿನ ಟಾಕೀಸಿಗೆ ಬಂದು ನಾಲ್ಕೇ ದಿನ ಓಡಿದ ಕಡಲುಗಳ್ಳರ ಇಂಗ್ಲಿಷ್ ಸಿನಿಮಾದ ಆಟ. ಗೋಪುರದಲ್ಲಿ ಸೆರೆಯಾದ ರಾಣಿಯನ್ನು ನಾವಿಕನೊಬ್ಬ ಬಿಡಿಸಿಕೊಂಡು ಬರಬೇಕು, ಅಷ್ಟೇ ಕಥೆ. ಆ ಸಿನಿಮಾವನ್ನು ಪಾಲಣ್ಣ ಹೆಂಡತಿ ಮೈಲಮ್ಮನ ಜೊತೆ ನೋಡಿದ್ದ. ಆಟವನ್ನು ಮಾತ್ರ ಒಬ್ಬನೇ ಆಡುತ್ತಿದ್ದ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಆಷಾಢದಲ್ಲಿ ಮದುವೆಗಳಿಲ್ಲ, ಮದುವೆಗಳಿಲ್ಲದೆ ಮೈಕ್ ಸೆಟ್ಟಿಗೆ ಕೆಲಸವಿಲ್ಲ. ಬೆಳಗಿನಿಂದ ಸಂಜೆಯವರೆಗೆ ಟಿವಿಯ ಮುಂದೆ ಗೂಟ ಹೊಡೆದುಕೊಂಡು ಕೂತವನ ಹತ್ತಿರ ಮೈಲಮ್ಮ ಅಡುಗೆಮನೆ ಸೋರುವ ಸುದ್ದಿ ಹೇಳಿದಳು. "ಹೂಂ" ಅಂದ. ತಂಗಿಗೆ ಗಂಡು ಗೊತ್ತಾದ ಸುದ್ದಿ ಹೇಳಿದಳು. "ಹೂಂ" ಅಂದ.

"ನಾ ಮಾಗಳಕ್ಕ, ನಮ್ಮಪ್ಪನ ಮನಿಗೆ ಹೋಗ್ಲೇನ್ರಿ?"

"ಹೂಂ."

"ಹೋದ್ರ ಬರಂಗಿಲ್ಲ ನೋಡ್ರಿ."

"ಹೂಂ."

ನಾವಿಕ ಸತ್ತ ಮೇಲೆ ಪಾಲಣ್ಣ ತಲೆಯೆತ್ತಿ ನೋಡುತ್ತಾನೆ, ಮೈಲಮ್ಮ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ! ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೂ ಧೈರ್ಯ ಇರುತ್ತಿತ್ತು. "ಒಂದ ಮನ್ಯಾಗ ಎರಡು ಪೆಟ್ಟಿಗಿ, ನಡುವ ನಾನು. ನನ್ನ ಕೈಲೆ ಆಗಂಗಿಲ್ರಿ. ಯಾವುದರ ಒಂದನ್ನ ಇಟ್ಕೊಳ್ರಿ, ಇನ್ನೊಂದನ್ನ ಸಾಗಹಾಕ್ರಿ. ಸಾಗಹಾಕಿದ ದಿನ ಹೇಳಿ ಕಳಸ್ರಿ, ಬರ್ತೀನಿ," ಎಂದು ಮಾಗಳದ ಹಾದಿಯ ಹಡಗಲಿ ಬಸ್ಸು ಹತ್ತಿಬಿಟ್ಟಳು.

ಬೇರೆ ಗಂಡಸಾಗಿದ್ದರೆ ಅಂದೇ ಒಂದನ್ನು ಚೀಲಕ್ಕೆ ತುರುಕಿ ಕೈತೊಳೆದುಕೊಳ್ಳುತ್ತಿದ್ದ. ಪಾಲಣ್ಣ ನ್ಯಾಯವಂತ! ವಿಚಾರಣೆಯಿಲ್ಲದೆ ಯಾರನ್ನೂ ಗಡೀಪಾರು ಮಾಡುವವನಲ್ಲ. ನೂರು ಹಾಳೆಯ ನೋಟ್‌ಬುಕ್ ತಂದ, ನಡುವೆ ಗೆರೆ ಎಳೆದ, ಏಕಸದಸ್ಯ ಆಯೋಗವಾಗಿ ಚಾಪೆಯ ಮೇಲೆ ಪದ್ಮಾಸನ ಹಾಕಿದ.

ಕ್ಯಾಸೆಟ್ ಆಟದಲ್ಲಿ ನಾವಿಕ ಟೋಪಿ ಹಾಕಿದ ಇಟ್ಟಿಗೆ. ಸಮುದ್ರವೆಂದರೆ ಮೂರು ನೀಲಿ ಗೆರೆ. ರಾಣಿ ಗೋಪುರದ ತುದಿಯಲ್ಲಿ ಮೂಕಿಯಾಗಿ ಮಿಣಮಿಣ ಎನ್ನುತ್ತಾಳೆ. ಆದರೆ ಸ್ವಿಚ್ ಒತ್ತಿದರೆ ಸಾಕು, ಆಟ ತಯಾರು, ಮೇಲಾಗಿ ಇಬ್ಬರು ಕೂಡಿ ಆಡಬಹುದು. ಸಿಡಿ ಆಟದ ಗತ್ತೇ ಬೇರೆ. ನಾವಿಕನ ಕೂದಲು ಗಾಳಿಗೆ ಹಾರುತ್ತದೆ, ಅಲೆ ನಿಜವಾದ ಅಲೆ! ಆದರೆ ಅದು ಶುರುವಾಗುವಷ್ಟರಲ್ಲಿ ಚಹಾ ಕಾಸಿ, ಸೋಸಿ, ಕುಡಿದು, ಲೋಟ ತೊಳೆದಿಟ್ಟು ಬರಬಹುದು. ಒಬ್ಬರೇ ಆಡಬೇಕು. ಎರಡರಲ್ಲೂ ಮೂರನೆಯ ಹಂತಕ್ಕೆ ಗೋಪುರದ ಮುಂದೆ ಒಂದು ಮುರುಕು ಸೇತುವೆ ಬರುತ್ತದೆ. ಕ್ಯಾಸೆಟ್ಟಿನಲ್ಲಿ ಅದನ್ನು ಪಾಲಣ್ಣ ಎಡಗೈಯಲ್ಲಿ ದಾಟುತ್ತಿದ್ದ. ಸಿಡಿಯಲ್ಲಿ ಒಮ್ಮೆಯೂ ದಾಟಿದ್ದಿಲ್ಲ. ನಾವಿಕ ದೊಪ್ಪನೆ ನೀರಿಗೆ ಬಿದ್ದಾಗ ರಾಣಿ ಇಂಗ್ಲಿಷಿನಲ್ಲಿ ಚೀರಿ, ಆಮೇಲೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಐದನೆಯ ದಿನದ ಹೊತ್ತಿಗೆ ಆಯೋಗಕ್ಕೆ ಮನೆ ಭಣಭಣ ಅನ್ನಿಸತೊಡಗಿತು. ಬಳೆಯ ಸದ್ದಿಲ್ಲ, ಒಗ್ಗರಣೆಯ ಚಟಪಟವಿಲ್ಲ, "ಊಟಕ್ಕ ಏಳ್ರಿ" ಎನ್ನುವವರಿಲ್ಲ. ಅಭ್ಯಾಸಬಲದಿಂದ ಎರಡು ಲೋಟ ಚಹಾ ಸೋಸಿ, ಎರಡನ್ನೂ ತಾನೇ ಕುಡಿದ. ಕ್ಯಾಸೆಟ್ ಆಟದಲ್ಲಿ ಇಬ್ಬರ ಆಟವನ್ನು ಪರೀಕ್ಷಿಸಲು ಎರಡು ರಿಮೋಟನ್ನೂ ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಆಡಿದ. ಎರಡನೆಯವನು ನಿಂತಲ್ಲೇ ಸಾಯುತ್ತಿದ್ದ. ಪಾಲಣ್ಣ ಅವನನ್ನು "ಬಾರಲೇ, ಬಾ" ಎಂದು ಕರೆದು, ತನ್ನ ದನಿಗೆ ತಾನೇ ಬೆಚ್ಚಿಬಿದ್ದ.

ಆಮೇಲೆ ಅವನು ಸಿಡಿಯನ್ನೇ ಹೆಚ್ಚು ಹಾಕತೊಡಗಿದ. ನೋಟ್‌ಬುಕ್ಕಿನಲ್ಲಿ "ಚಿತ್ರ ಸ್ಪಷ್ಟ" ಎಂದು ಬರೆದದ್ದು ಬರಿ ನೆಪ. ಮನೆಯಲ್ಲಿ ಒಂದು ಹೆಣ್ಣಿನ ದನಿ ಕೇಳಬೇಕಿತ್ತು, ಅದು ಆ ಪೆಟ್ಟಿಗೆಯಲ್ಲಿ ಮಾತ್ರ ಇತ್ತು. ಬರಬರುತ್ತ ಸೇತುವೆ ದಾಟಲೇಬೇಕೆಂಬ ಹಟವೂ ಉಳಿಯಲಿಲ್ಲ. ಬೀಳುವುದು, ಅವಳು ಅತ್ತು ಮುಗಿಸುವ ತನಕ ಸುಮ್ಮನೆ ಕೂರುವುದು, ಮತ್ತೆ ಆಡುವುದು.

ಹನ್ನೊಂದನೆಯ ದಿನ, ಅಂದರೆ ಪ್ರತಿಜ್ಞೆಯ ದಿನ, ಬಾಕಿಯಿದ್ದದ್ದು ಧ್ವನಿ ಪರೀಕ್ಷೆ. ಮೈಕ್ ಸೆಟ್ಟಿನವನ ಮನೆಯಲ್ಲಿ ಟಿವಿಯ ಕೀರಲು ಸ್ಪೀಕರಿನಲ್ಲಿ ಪರೀಕ್ಷೆ ಮಾಡಿದರೆ ಕುಲಕ್ಕೇ ಅವಮಾನ! ಮದುವೆಗೆ ಕೊಡುವ ಎರಡು ಆಳೆತ್ತರದ ಸ್ಪೀಕರುಗಳನ್ನು ತಂದು ಕಿಟಕಿಗೆ ಒರಗಿಸಿ ನಿಲ್ಲಿಸಿದ. ಮಾತು ಸ್ಪಷ್ಟವಾಗಿ ಕೇಳಲೆಂದು ಆಟದ ಸಂಗೀತವನ್ನು ಬಂದ್ ಮಾಡಿದ. ಉಳಿದದ್ದು ಕತ್ತಿಗಳ ಖಣಖಣ ಮತ್ತು ರಾಣಿಯ ಗೋಳು. ಮಧ್ಯಾಹ್ನದೊಳಗೆ ಹತ್ತೊಂಬತ್ತು ಸಲ ಬಿದ್ದ. ಹತ್ತೊಂಬತ್ತು ಸಲ ಅವಳು ಅತ್ತಳು.

ಆ ಕಿಟಕಿಯ ಆಚೆಗೇ ಓಬಮ್ಮ ಹೂವು ಮಾರಲು ಕೂರುತ್ತಿದ್ದುದು. ಪಕ್ಕದ ಮನೆಯಾಕೆ, ಮೈಲಮ್ಮನ ಜೀವದ ಗೆಳತಿ. ಅವಳು ಕೇಳಿಸಿಕೊಂಡದ್ದು ಇಷ್ಟು: ಹೆಂಡತಿ ತವರಿಗೆ ಹೋದವನ ಮನೆಯಲ್ಲಿ ಪಾತ್ರೆಪಗಡ ಬೀಳುತ್ತಿವೆ, ಯಾವುದೋ ಹೆಣ್ಣು ಹೋ ಎಂದು ಅಳುತ್ತಿದೆ! ಮಧ್ಯಾಹ್ನ ನಾಲ್ಕು ರೊಟ್ಟಿ, ಹೆಸರುಕಾಳಿನ ಪಲ್ಯ ತಂದು ಬಾಗಿಲಲ್ಲೇ ನಿಂತು ಇಣುಕಿದಳು.

"ಇಬ್ಬರಿಗೆ ಸಾಕಾಗ್ತಾವೇನು ತಮ್ಮಾ?"

"ಯವ್ವಾ, ಧಾರಾಳ ಆತು!" ಎಂದ ಪಾಲಣ್ಣ. 'ಇಬ್ಬರಿಗೆ' ಎಂದದ್ದು ಅವನ ಕಿವಿಗೆ ಹೋಗಲೇ ಇಲ್ಲ, ಮಧ್ಯಾಹ್ನಕ್ಕೆ ಎರಡು, ಸಂಜೆಗೆ ಎರಡು ಎಂದು ಅವನ ಲೆಕ್ಕ. ಅವನು ಬಹಳ ದಿನಗಳ ಮೇಲೆ ನಕ್ಕದ್ದು ಆವಾಗಲೇ. ಓಬಮ್ಮನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಹಡಗಲಿಯ ಮಲ್ಲಿಗೆ ದಿನಾ ಮುಂಜಾನೆಯ ಬಸ್ಸಿಗೆ ಒದ್ದೆ ಬಟ್ಟೆ ಹೊದ್ದು ಬುಟ್ಟಿಯಲ್ಲಿ ಬರುತ್ತದೆ. ಖಾಲಿ ಬುಟ್ಟಿ ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗುತ್ತದೆ. ಖಾಲಿ ಎಂದು ಹೇಳುವುದು ರೂಢಿ ಅಷ್ಟೇ, ಅದರ ಜೊತೆ ಊರಿನ ಸುದ್ದಿಯೆಲ್ಲ ಹೋಗುತ್ತದೆ. ಅಂದು ಬುಟ್ಟಿಯವನ ಕಿವಿಯಲ್ಲಿ ಓಬಮ್ಮ ಹೇಳಿ ಕಳಿಸಿದ್ದು "ಒಬ್ಬಾಕಿ ಬಂದಾಳ, ಅಳಾಕತ್ತಾಳ" ಎಂದು. ಮಾಗಳ ಮುಟ್ಟುವ ಹೊತ್ತಿಗೆ ಅದು "ಕಟ್ಕೊಂಡಾನ, ಹೊಡಿಯಾಕತ್ತಾನ" ಎಂದಾಗಿತ್ತು.

ಮರುದಿನ ಹೂವಿನ ಬುಟ್ಟಿಯ ಜೊತೆಗೇ ಮೈಲಮ್ಮ ಇಳಿದಳು. ಹಿಂದೆ ಅವಳಪ್ಪ ಚೌಡಣ್ಣ. ಅವರ ಹಿಂದೆ ಅರ್ಧ ಓಣಿ. ಬಾಗಿಲು ತೆಗೆದ ಪಾಲಣ್ಣನಿಗೆ ಹೆಂಡತಿಯನ್ನು ನೋಡಿ ಆನಂದಬಾಷ್ಪ ಬರುವುದರಲ್ಲಿತ್ತು.

"ಎಲ್ಲಿ ಅದಾಳ್ರಿ?" ಎಂದಳು ಮೈಲಮ್ಮ.

"ಯಾರು?"

"ನಿನ್ನಿ ದಿನಪೂರ್ತಿ ಅತ್ತಾಕಿ!"

ಪಾಲಣ್ಣ ಮನೆಯೊಳಗೊಮ್ಮೆ, ಟಿವಿಯ ಕಡೆಗೊಮ್ಮೆ ನೋಡಿದ. ಅರ್ಥವಾದೊಡನೆ ಗಹಗಹಿಸಿ ನಕ್ಕ, ಅದೇ ತಪ್ಪಾಯಿತು. ಚೌಡಣ್ಣ ಟವೆಲ್ ಕೊಡವಿದ. "ನಗಬ್ಯಾಡಪ್ಪ. ನನ್ನ ಮಗಳ ಬಾಳೇವು ಐತಿ ಇಲ್ಲಿ. ತೋರಸು."

"ತೋರಸ್ತೀನಿ ಮಾವ! ಈ ಪೆಟ್ಟಿಗ್ಯಾಗ ಅದಾಳ. ಸೇತುವಿ ಮ್ಯಾಲಿಂದ ಬಿದ್ದೆ ಅಂದ್ರ ಅಳ್ತಾಳ."

ಸಿಡಿ ಹಾಕಿದ. ಅದು ತನ್ನ ಸಹಜ ಗಾಂಭೀರ್ಯದಲ್ಲಿ ತಿರುಗುತ್ತಲೇ ಇತ್ತು. ಚೌಡಣ್ಣ ಎಲೆಗೆ ಸುಣ್ಣ ಸವರಿ ಮಡಚಿ ಬಾಯಿಗಿಟ್ಟರೂ ಶುರುವಾಗಲಿಲ್ಲ. "ಆಕಿನ್ನ ಹಿತ್ತಲದಾಗಿಂದ ದಾಟಸಾಕ ತಡಾ ಮಾಡಾಕತ್ತಾನ," ಎಂದಳು ಓಬಮ್ಮ. ಇಬ್ಬರು ಹಿತ್ತಲು ಕಾಯಲು ಓಡಿದರು.

ಕೊನೆಗೆ ಸೇತುವೆ ಬಂತು. ಹನ್ನೊಂದು ದಿನದಲ್ಲಿ ಒಮ್ಮೆಯೂ ದಾಟದ ಸೇತುವೆ! ಬೀಳುವುದೊಂದೇ ಕೆಲಸ. ಬೀಳುವ ಅವಸರದಲ್ಲಿ ಪಾಲಣ್ಣನ ಬೆರಳು ಒತ್ತಬಾರದ ಹೊತ್ತಿಗೆ ಗುಂಡಿ ಒತ್ತಿತು. ನಾವಿಕ ಹಾರಿದ, ಹಗ್ಗ ಹಿಡಿದ, ಜೋಕಾಲಿ ಆಡಿ ಆಚೆ ದಡದಲ್ಲಿ ನೆಟ್ಟಗೆ ನಿಂತ. ರಾಣಿ ಕಿಲಕಿಲ ನಗುತ್ತ ಗೋಪುರ ಇಳಿದು ಓಡಿಬಂದು ಅವನನ್ನು ತಬ್ಬಿಕೊಂಡಳು.

"ಈ ದನಿ ಅಲ್ಲ! ನಾ ಕೇಳಿದ್ದು ಅಳು!" ಎಂದಳು ಓಬಮ್ಮ. ಗೆದ್ದು ಹೀಗೆ ಕೆಟ್ಟವನು ಕೂಡ್ಲಿಗಿಯಲ್ಲಿ ಪಾಲಣ್ಣನೊಬ್ಬನೇ ಇರಬೇಕು. ಮೈಲಮ್ಮ ಈಗ ಹೋದರೆ ಮತ್ತೆ ಬರುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು.

"ಬೇಕಂತ ಗೆದ್ದಿಲ್ಲ ಮೈಲಿ. ನಿನ್ನ ಮ್ಯಾಲೆ ಆಣಿ. ನನಗ ಬೀಳಾಕಷ್ಟ ಬರ್ತೈತಿ," ಎಂದ.

ಮೈಲಮ್ಮ ಅವನ ಮುಖವನ್ನೊಮ್ಮೆ ನೋಡಿದಳು. "ಸರೀರಿ ಅತ್ತಾಗ," ಎಂದು ಚಾಪೆಯ ಮೇಲೆ ಕೂತು ರಿಮೋಟ್ ಕಿತ್ತುಕೊಂಡಳು. ಆಟ ಮೊದಲಿನಿಂದ ಶುರುವಾಯಿತು. ಯಾವ ಗುಂಡಿ ಯಾತಕ್ಕೆಂದು ಪಾಲಣ್ಣ ಪಕ್ಕದಲ್ಲಿ ಕೂತು ಹೇಳಿಕೊಟ್ಟ. ಹಾಗೂ ಹೀಗೂ ಸೇತುವೆ ಮುಟ್ಟಿದವಳು ನೆಟ್ಟಗೆ ನಡೆದು ನೀರಿಗೆ ಬಿದ್ದಳು. ಮದುವೆಯ ಸ್ಪೀಕರುಗಳು ಒಟ್ಟಿಗೆ ಗೋಳೋ ಎಂದವು. ಹಿತ್ತಲು ಕಾಯುತ್ತಿದ್ದವರು ಕೂಡ ಒಳಗೆ ಓಡಿಬಂದರು.

ಓಬಮ್ಮ ಸೆರಗು ಸರಿಮಾಡಿಕೊಂಡು, "ಹೂವು ಬಾಡ್ತಾವು," ಎಂದು ಮೆಲ್ಲಗೆ ಜಾರಿಕೊಂಡಳು. ಓಣಿಯೂ ಕರಗಿತು. ಮಾವ ಬಾಯಿ ಮುಕ್ಕಳಿಸಲು ಹಿತ್ತಲಿಗೆ ಹೋದ.

"ಈ ಸಿಡಿ ಪೆಟ್ಟಿಗಿ ಕಳಿಸಿಬಿಡ್ತೀನಿ," ಎಂದ ಪಾಲಣ್ಣ.

"ಯಾಕ್ರಿ? ಇದ ಛಲೋ ಐತಲ್ಲ, ಸಿನಿಮಾ ಇದ್ದಂಗ."

"ಇದರಾಗ ಒಬ್ಬರ ಆಡಬೇಕು."

ಮೈಲಮ್ಮ ಟಿವಿಯನ್ನೇ ನೋಡುತ್ತಿದ್ದಳು. ರಾಣಿ ಇನ್ನೂ ಬಿಕ್ಕುತ್ತಿದ್ದಳು. "ಅದಿರ್ಲಿ, ಅಳೋಕಿಂತ ಮುಂಚೆ ಇಂಗ್ಲಿಷಿನ್ಯಾಗ ಏನೋ ಅಂತಾಳಲ್ಲ ಆಕಿ, ಏನದು?"

ಪಾಲಣ್ಣ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತ ಹೇಳಿದ. "ಬಿಟ್ಟು ಹೋಗಬ್ಯಾಡ, ವಾಪಸ್ ಬಾ, ಅಂತ."

ಮೈಲಮ್ಮ ರಿಮೋಟನ್ನು ಅವನ ತೊಡೆಯ ಮೇಲೆ ಕುಕ್ಕಿ ಎದ್ದು ನಿಂತಳು.

"ಇಷ್ಟ ಹೇಳಿ ಕಳಿಸಿದ್ರ ನಾ ಮರುದಿನನ ಬರ್ತಿದ್ದೆ. ಆ ಎರಡು ಮಾತು ಆಡಾಕ ನಿಮ್ಮ ಬಾಯಿಗೇನಾಗಿತ್ರಿ? ಪಾಪ, ಆಕಿನ್ನ ಹನ್ನೊಂದು ದಿನ ಅಳಿಸಿದ್ರಲ್ಲ!"